ಗುರುಮಲ್ಲಯ್ಯನವರ ಗೋಡೆಗೆ ಬಂದ ಕಾಯಿಲೆ

ಉಮ್ಮತ್ತೂರಿನ ಪೇಂಟರ್ ಚಿಕ್ಕಬೀರಯ್ಯನಿಗೆ ಕೆಲಸ ಮುಗಿದ ಮೇಲೆ ಥಿನ್ನರಿನಲ್ಲೇ ಕೈ ತೊಳೆಯುವ ಚಾಳಿ. ಕಡೆಗೊಂದು ದಿನ ಅಂಗೈ ಚರ್ಮ ಸಿಪ್ಪೆಸಿಪ್ಪೆಯಾಗಿ ಏಳತೊಡಗಿತು.

"ಸಾರಿನ್ ಪಾತ್ರೆ ಮುಟ್ಬ್ಯಾಡ, ನಿನ್ ಚರ್ಮ ಉದುರ್ತದೆ!" ಎಂದು ಹೆಂಡತಿ ಬಸವಮ್ಮ ಗದರಿ, ಅವನನ್ನು ಚಾಮರಾಜನಗರದ ಬಸ್ಸು ಹತ್ತಿಸಿದಳು.

ಡಾಕ್ಟರಮ್ಮ ಅಂಗೈ ತಿರುಗಿಸಿ ನೋಡಿದರು. "ಇದಕ್ಕೆ ಡೆಸ್ಕ್ವಮೇಶನ್ ಅಂತೀವಿ. ಚರ್ಮದ ಮೇಲ್ಪದರ ಉದುರೋದು, ಅಷ್ಟೇ. ಥಿನ್ನರ್ ಮುಟ್ಟಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ. ಒಳಗಿಂದ ಹೊಸ ಚರ್ಮ ತಾನೇ ಬರುತ್ತೆ."

ಕೈ ವಾಸಿಯಾಯಿತು. ಆದರೆ ಆ ಮಾತು ಬೀರಯ್ಯನ ನಾಲಿಗೆಗೆ ಅಂಟಿಕೊಂಡಿತು. ಬಸವಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದರೆ, "ಡೆಸ್ಕ್ವಮೇಶನ್ ಮಾಡ್ತಾ ಇದ್ದಿಯೇನಮ್ಮಿ?" ಬೇಲಿಯಲ್ಲಿ ಹಾವಿನ ಪೊರೆ ಕಂಡರೆ, "ಪಾಪ, ಇದ್ಕೂ ಬಂದ್ಬುಟ್ಟದೆ!"

ಅಷ್ಟರಲ್ಲಿ ಒಂದು ಬೆಳಿಗ್ಗೆ ಅದೇ ಊರಿನ ಗುರುಮಲ್ಲಯ್ಯನವರು ಹೇಳಿ ಕಳಿಸಿದರು. ಅವರ ಹೊಸ ಮನೆಗೆ ಬಣ್ಣ ಬಳಿದವನು ಬೀರಯ್ಯನೇ, ಅದೂ ಗೋಡೆಯ ತೇವ ಆರುವ ಮೊದಲೇ. ಈಗ ನಡುಮನೆಯ ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು.

"ಏನ್ಲಾ ಬೀರ ಇದು?"

ಬೀರಯ್ಯ ಎದ್ದ ಬಣ್ಣವನ್ನು ಬೆರಳಿಂದ ಒತ್ತಿ ಕೂರಿಸಲು ನೋಡಿದ. ಬಾಯಿಗೆ ಬಂದದ್ದು ಒಂದೇ ಮಾತು. "ಡೆಸ್ಕ್ವಮೇಶನ್ ಕಣ ಸ್ವಾಮಿ. ಮ್ಯಾಲಿನ ಪದ್ರ ಉದುರೋದು. ಒಳಗಿಂದ ಒಸ್ದು ತಾನೇ ಬತ್ತದೆ."

"ಯಾರ್ಲಾ ಏಳಿದ್ದು?"

"ಡಾಕ್ಟ್ರಮ್ಮ."

ಗುರುಮಲ್ಲಯ್ಯನವರಿಗೆ ಡಾಕ್ಟರೆಂದರೆ ದೇವರು. ಅವರ ದನಿ ಇಳಿಯಿತು. "ಅಂಗಾದ್ರೆ ಔಸ್ತಿ?"

"ಕೊಬ್ಬರಿ ಎಣ್ಣೆ ಸ್ವಾಮಿ," ಎಂದವನೇ ಬೀರಯ್ಯ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

ಗುರುಮಲ್ಲಯ್ಯನವರು ಒಂದು ಡಬ್ಬ ಎಣ್ಣೆ ತರಿಸಿ, ಪಂಚೆ ಎತ್ತಿಕಟ್ಟಿ, ಇಡೀ ಗೋಡೆಗೆ ತಾವೇ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಸಾಲುಗಟ್ಟಿದವು. ಪಕ್ಕದ ಮನೆಯ ಮೇಕೆ ಒಳನುಗ್ಗಿ ಗೋಡೆ ನೆಕ್ಕತೊಡಗಿತು. ನರ್ಸಿಂಗ್ ಓದುವ ಮಗಳು ನಯನಾ ಅದೇ ಹೊತ್ತಿಗೆ ರಜೆಗೆಂದು ಮನೆಗೆ ಬಂದವಳು ನೆಲಕ್ಕೆ ಇಳಿದ ಎಣ್ಣೆಯಲ್ಲಿ ಜಾರಿ, ಮೇಕೆಯ ಪಕ್ಕದಲ್ಲೇ ಕೂತಳು. ಅಪ್ಪ ಕಾಯಿಲೆಯ ಹೆಸರು ಹೇಳಿದಾಗ ಕೂತಲ್ಲೇ ನಕ್ಕಳು.

"ಅಪ್ಪಾ, ಅದು ಚರ್ಮ ಉದುರಿದ್ರೆ ಏಳೋ ಮಾತು! ಗ್ವಾಡೆಗೆ ಎಲ್ಲಿ ಅದೆ ಚರ್ಮ?"

ಬೀರಯ್ಯನಿಗೆ ಮತ್ತೆ ಕರೆ ಬಂತು. "ತ್ಯಾವ ಆರಕ್ ಮುಂಚೆನೇ ಬಳ್ದ್ಬುಟ್ಟೆ, ತಪ್ಪಾಯ್ತು ಸ್ವಾಮಿ," ಎಂದು ಬೀರಯ್ಯ ತಲೆ ತಗ್ಗಿಸಿದ. ಗುರುಮಲ್ಲಯ್ಯನವರು ಬೈಯಲು ಬಾಯಿ ತೆರೆದರು. ಅವರ ಮೀಸೆಯಲ್ಲಿ ಇರುವೆಯೊಂದು ಹರಿಯುತ್ತಿದ್ದುದನ್ನು ಕಂಡು ಮಗಳು ಮತ್ತೆ ನಕ್ಕಳು, ಕೊನೆಗೆ ಅವರೂ ನಕ್ಕರು. ಬೀರಯ್ಯ ವಾರವಿಡೀ ಆ ಗೋಡೆ ಕೆರೆದ, ಸೋಪಿನ ಪುಡಿ ಹಾಕಿ ತಿಕ್ಕಿದ, ಚೆನ್ನಾಗಿ ಒಣಗಿದ ಮೇಲೆ ಹೊಸದಾಗಿ ಬಳಿದ.

ಸುದ್ದಿ ಮಾತ್ರ ನಿಲ್ಲಲಿಲ್ಲ. ಹರದನಹಳ್ಳಿಯ ಮೂಗಯ್ಯ ಎಂಬಾತ ಫೋನು ಮಾಡಿದ. "ನಿಮ್ಮೂರಲ್ಲಿ ಗ್ವಾಡೆಗೆ ಕಾಯ್ಲೆ ಬಂದದಂತೆ. ಅಂಟ್ಕತದಾ ಅದು?"

ಬೀರಯ್ಯ ಉತ್ತರ ಯೋಚಿಸುವಷ್ಟರಲ್ಲಿ ಬಸವಮ್ಮ ಫೋನು ಕಿತ್ತುಕೊಂಡಳು. "ಅಂಟ್ಕತದೆ ಕಣಣ್ಣ. ಗ್ವಾಡೆಯಿಂದಲ್ಲ, ನನ್ ಗಂಡನ್ ಬಾಯಿಂದ!"