ಏಳನೆಯ ಫಾರಂ

ಪುಸ್ತಕಗಳಿಗೆ ರಟ್ಟು ಕಟ್ಟುವ ಅವನನ್ನು ಎಲ್ಲರೂ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಬೆರಳ ಸಂದಿಯಲ್ಲಿ ಒಣಗಿದ ಗೋಂದು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ತುಳಿದವನಲ್ಲ. ಪುಟದ ಅಂಕಿ ನೋಡಿ ನೋಡಿ ಎಣಿಕೆ ಕಲಿತ, ಹರಿದ ಹಾಳೆ ಕೂಡಿಸುತ್ತ ಅಕ್ಷರ ಕಲಿತ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷ ದಬ್ಬಣ ಹಿಡಿದರೂ ಅವನ ಕೈಯಲ್ಲಿ ಒಂದು ಹಾಳೆ ಹಿಂದುಮುಂದಾಗಿರಲಿಲ್ಲ. ಅವನಿಗಿದ್ದ ಆಸ್ತಿಯೆಂದರೆ ಆ ಒಂದು ಮಾತು. ಬೇರೆಯವರು ಹೇಳದಿದ್ದರೆ ತಾನೇ ಹೇಳಿಕೊಳ್ಳುತ್ತಿದ್ದ.

ಒಮ್ಮೆ ಲೈಬ್ರರಿ ನೋಡಿಕೊಳ್ಳುವ ಅಕ್ಕ ಎರಡು ಕಾದಂಬರಿ ತಂದು ಅವನ ಮುಂದಿಟ್ಟಳು. ಎರಡೂ ಈಗಿನ ಕಾಲದ ಒಬ್ಬನೇ ಕಾದಂಬರಿಕಾರ ಬರೆದವು. ಒಂದರಲ್ಲಿ ಸಮುದ್ರದ ನಿಧಿ ಹುಡುಕುವ ಸಾಹಸ, ಇನ್ನೊಂದರಲ್ಲಿ ಪಾಳು ಮನೆಯ ದೆವ್ವ. ಓದುವವರ ಕೈಗೆ ಸಿಕ್ಕಿ ಎರಡರ ಬೆನ್ನೂ ಮುರಿದಿತ್ತು. ಗೋಂದಣ್ಣ ಎರಡನ್ನೂ ಒಟ್ಟಿಗೇ ಬಿಚ್ಚಿದ. ಹದಿನಾರು ಪುಟಕ್ಕೆ ಒಂದು ಫಾರಂ. ಫಾರಂ ಮೇಲೆ ಫಾರಂ ಜೋಡಿಸಿ, ಹೊಲಿದು, ಹೊಸ ರಟ್ಟು ಹಾಕಿ ಕೊಟ್ಟ.

ತಿಂಗಳು ಕಳೆಯುವಷ್ಟರಲ್ಲಿ ಓದುವ ಕೋಣೆಯಲ್ಲಿ ಗದ್ದಲ ಎದ್ದಿತು. ಗಂಟಲು ನಿವೃತ್ತ ಹೆಡ್‌ಮೇಷ್ಟ್ರದು.

“ಏನಮ್ಮಾ ಇದು? ನಾಯಕನ್ನ ಹಡಗಿನ ತಳದಲ್ಲಿ ಕೈಕಾಲು ಕಟ್ಟಿ ಹಾಕಿದಾರೆ, ನೀರು ನುಗ್ತಾ ಇದೆ. ಪುಟ ತಿರುಗಿಸಿದ್ರೆ ಯಾವಳೋ ತಲೆಗೂದಲು ಬಿಟ್ಕೊಂಡು ಮೆಟ್ಟಿಲು ಇಳೀತಾಳೆ! ಇವನಿಗೆ ಬರೆಯೋಕೆ ಬರುತ್ತಾ? ಚೆನ್ನಾಗಿ ಬೈದು ಆ ಕಾದಂಬರಿಕಾರನಿಗೇ ಕಾಗದ ಬರ್ದಿದೀನಿ. ನಾಳೆ ಅಂಚೆಗೆ ಹಾಕ್ತೀನಿ.”

ಪಕ್ಕದ ಬೀದಿಯ ಟೈಲರಮ್ಮ ಸುಮ್ಮನಿರಲಿಲ್ಲ. “ಮಜಾ ಇರೋದೇ ಅಲ್ಲಿ ಮೇಷ್ಟ್ರೇ. ಮುಳುಗ್ತಾ ಇರೋನ ಕಣ್ಣಿಗೆ ಸತ್ತೋರು ಕಾಣಲ್ವಾ? ಅದೇ ಗುಂಗಲ್ಲಿ ಗಿರಾಕಿ ಅಂಗಿಗೆ ಮೂರು ತೋಳು ಕತ್ತರಿಸಿಬಿಟ್ಟೆ ನಾನು.”

“ನಿಂಗೆ ದೆವ್ವ ಹಿಡಿದಿದೆ.”

“ನಿಮ್ಮನ್ನ ಅದೂ ಹಿಡಿಯಲ್ಲ ಬಿಡಿ.”

ಕೋಣೆಗೆ ಕೋಣೆಯೇ ನಕ್ಕಿತು. ಬಾಗಿಲ ಮರೆಯಲ್ಲಿದ್ದ ಗೋಂದಣ್ಣ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಎರಡೂ ಪುಸ್ತಕ ತೆರೆದು ನೋಡಿದ. ಏಳನೆಯ ಫಾರಂಗಳು ಅದಲುಬದಲಾಗಿದ್ದವು. ಒಂದೇ ಅಳತೆ, ಒಂದೇ ಕಾಗದ; ತೊಂಬತ್ತೇಳರಿಂದ ನೂರಹನ್ನೆರಡರವರೆಗೆ ಅಂಕಿ ಎರಡರಲ್ಲೂ ಸರಿ. ಅವನು ಅಂಕಿ ನೋಡಿದ್ದ, ಅಕ್ಷರ ನೋಡಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈಗಿನವರು ಬರೆಯುವುದೇ ಹೀಗೆ ಎಂದು ಬೈಯುವವರು ಬೈಯುತ್ತಿದ್ದರು, ಮೆಚ್ಚುವವರು ಮೆಚ್ಚುತ್ತಿದ್ದರು. ಬಾಯಿ ಬಿಟ್ಟರೆ ನಲವತ್ತು ವರ್ಷದ ಮಾತು ಮಣ್ಣುಪಾಲು.

“ಯಾಕ್ರೀ, ಮುಖ ಒಳ್ಳೇ ರಟ್ಟಿನ ಥರ ಬಿಗಿದುಕೊಂಡಿದೆ?” ಮನೆಗೆ ಬಂದೊಡನೆ ಹೆಂಡತಿ ಕೇಳಿದಳು.

ಹೇಳಿದ. ಅವಳು ಕೈಯಲ್ಲಿದ್ದ ಪಾತ್ರೆ ತೊಳೆದು ಮುಗಿಸಿದಳು.

“ಹೆಸರು ನಿಮಗೊಬ್ಬರಿಗೇನಾ ಇರೋದು? ಆ ಬರೆದೋನಿಗೆ ಇಲ್ವಾ?”

ಮರುದಿನ ಬೆಳಿಗ್ಗೆ ಅವನು ಎರಡೂ ಪುಸ್ತಕಗಳನ್ನು ಎಲ್ಲರ ಎದುರು ಮೇಜಿನ ಮೇಲಿಟ್ಟ. “ಮೇಷ್ಟ್ರೇ, ಆ ಕಾಗದ ಅಂಚೆಗೆ ಹಾಕ್ಬೇಡಿ. ಅದರಲ್ಲಿರೋ ಬೈಗುಳ ನನ್ನ ಪಾಲಿಂದು.” ಫಾರಂ ಬದಲಾದ ಕಥೆ ಹೇಳಿ ತಲೆ ತಗ್ಗಿಸಿದ.

ಮೇಷ್ಟ್ರು ಜೇಬಿನಿಂದ ಲಕೋಟೆ ತೆಗೆದುಕೊಟ್ಟರು. “ತಗೋ. ಎರಡು ಪುಟ ಇದೆ. ಕಾಗುಣಿತ ತಪ್ಪಿಲ್ಲ.”

ಟೈಲರಮ್ಮನ ಮುಖ ಸಣ್ಣದಾಯಿತು. “ಅಯ್ಯೋ ಗೋಂದಣ್ಣಾ, ಹಂಗಾದ್ರೆ ನನ್ನ ಹೆದರಿಸಿದ್ದು ನೀನಾ?”

ಅವನು ಹೊಲಿಗೆ ಬಿಚ್ಚಿದ. ಈ ಸಲ ಸಾಲಿನ ಕೆಳಗೆ ಬೆರಳಿಟ್ಟು ಓದಿಕೊಂಡೇ ಜೋಡಿಸಿದ. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಪುಸ್ತಕಗಳ ನಡುವೆಯೇ ಮುದುಕನಾದವನು ಮೊದಲ ಬಾರಿಗೆ ಪುಸ್ತಕವೊಂದನ್ನು ಓದಿ ತುದಿ ಮುಟ್ಟಿಸಿದ್ದ. ಹಡಗಿನವನು ಬದುಕಿಕೊಂಡ. ಮೆಟ್ಟಿಲಿಳಿದವಳು ಯಾರೆಂದೂ ತಿಳಿಯಿತು.

“ಹೆಂಗಿದೆ?” ಎಂದಳು ಅಕ್ಕ.

“ಹಡಗಿಂದು ಭೇಷ್. ದೆವ್ವದ್ದು ಸ್ವಲ್ಪ ಎಳೆದಿದಾನೆ ಕಣಕ್ಕಾ. ಹತ್ತನೇ ಫಾರಂ ಬೇಕಿರಲಿಲ್ಲ.”

ಬೆನ್ನಿನ ಒಳಪದರಕ್ಕೆ ಗಟ್ಟಿ ಕಾಗದ ಬೇಕಿತ್ತು. ಮೇಷ್ಟ್ರ ಲಕೋಟೆ ಒಡೆದು ಎರಡು ಪುಟವನ್ನೂ ನಿಧಾನವಾಗಿ ಓದಿದ. ಒಂದು ಬೈಗುಳವನ್ನೂ ಬಿಡಲಿಲ್ಲ. ಆಮೇಲೆ ಪಟ್ಟಿಯಾಗಿ ಕತ್ತರಿಸಿ, ಗೋಂದು ಬಳಿದು, ಹಡಗಿನ ಪುಸ್ತಕದ ಬೆನ್ನಿಗೆ ಅಂಟಿಸಿ ಮೇಲೆ ರಟ್ಟು ಮುಚ್ಚಿದ.