ಲವೋರೊ, ಲವೊರೋ

ಹೊಸೂರಿನ ನಮ್ಮ ಕಾರ್ಖಾನೆಗೆ ಇಟಲಿಯ ಮಿಷನ್ನುಗಳು ಬರತೊಡಗಿದ್ದ ಕಾಲ, ಎರಡು ಸಾವಿರದ ಇಸವಿ ದಾಟಿತ್ತು. ಕಾಂಟ್ರಾಕ್ಟಿನವರಲ್ಲಿ ಒಬ್ಬರನ್ನು ತರಬೇತಿಗೆ ಇಟಲಿಗೇ ಕಳಿಸುತ್ತಾರೆ, ಹೋಗಿ ಬಂದವರ ಕೆಲಸ ಪರ್ಮನೆಂಟ್ ಎಂದಿದ್ದರು. ಅದಕ್ಕೆ ಮೊದಲು ಇಟಾಲಿಯನ್ ಪರೀಕ್ಷೆ. ಕಲಿಸಲು ಬೆಂಗಳೂರಿನಿಂದ ಒಬ್ಬರು ಮೇಡಂ ಬರುತ್ತಿದ್ದರು. ನಾಲಿಗೆಯಲ್ಲಿ ಸೂಜಿ ಇಟ್ಟುಕೊಂಡೇ ಬಸ್ ಹತ್ತುತ್ತಿದ್ದರೋ ಏನೋ.

ಕ್ರಿಯಾಪದವನ್ನು ತುಂಡು ಮಾಡಿ ಹೇಳಬೇಕು. ಒತ್ತಿ ಹೇಳುವ ತುಂಡು ಬಂದಾಗ ಮೇಡಂ ಸ್ಟೀಲ್ ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಲ, ವೋ, ರೊ: ನಡುವೆ ಒತ್ತಿದರೆ 'ನಾನು ಕೆಲಸ ಮಾಡುತ್ತೇನೆ'. ಕೊನೆಗೆ ಒತ್ತಿ ಲವೊರೋ ಎಂದರೆ 'ಅವನು ಕೆಲಸ ಮಾಡಿದ', ಅಲ್ಲಿಗೆ ಮುಗಿಯಿತು. ಕನ್ನಡದ ಬಾಯಿಗೆ ಇದೊಂದು ಶಿಕ್ಷೆ. ನಮ್ಮ ಯಾವ ಮಾತು ತಾನೇ ಗಿಡ್ಡ ಒಕಾರದಲ್ಲಿ ಮುಗಿಯುತ್ತದೆ? ಬಾರೋ, ಹೋಗೋ ಎಂದು ಎಳೆದೇ ಅಭ್ಯಾಸ.

ಎಲ್ಲರಿಗಿಂತ ಹೆಚ್ಚು ಎಳೆಯುತ್ತಿದ್ದವಳು ಡೆಂಕಣಿಕೋಟೆ ಕಡೆಯ ಅಕ್ಕ. ಗಂಡ ಸತ್ತ ಮೇಲೆ ಅವನ ಮಿಷನ್ನಿನ ಮುಂದೆಯೇ ಅವಳನ್ನು ಕಾಂಟ್ರಾಕ್ಟಿಗೆ ನಿಲ್ಲಿಸಿದ್ದರು. ಪರ್ಮನೆಂಟ್ ಆಗದಿದ್ದರೆ ಅದೂ ಯಾವಾಗ ಬೇಕಾದರೂ ಹೋಗಬಹುದಿತ್ತು. ಅವಳು ಲವೊರೋ ಎಂದಾಗಲೆಲ್ಲ ಮೇಡಂ ನಗುತ್ತಾ, "ಅವನು ಮಾಡಿ ಹೋದನಮ್ಮ. ನೀನೇನು ಮಾಡ್ತೀಯ ಹೇಳು," ಎನ್ನುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. ಥೂ, ಆ ನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಹಟ ಹಿಡಿದಳು. ಮಿಷನ್ ಸದ್ದಿನ ನಡುವೆಯೇ ಲವೋರೊ, ಲವೋರೊ ಎಂದು ಗುಣುಗಿ ಗುಣುಗಿ ಕೊನೆಯ ಎಳೆತ ಬಿಟ್ಟಳು.

ಪರೀಕ್ಷೆಯ ದಿನ ಇಟಲಿಯವನೊಬ್ಬ ಮೇಡಂ ಪಕ್ಕ ಕೂತಿದ್ದ. ನೀನು ಏನು ಮಾಡುತ್ತೀ ಎಂದು ಕೇಳಿದಾಗ ಅಕ್ಕನ ಲವೋರೊ ಸರಿಯಾಗಿಯೇ ಬಿತ್ತು. ಆತ ತಲೆದೂಗಿದ. ಆಗ ಮೇಡಂ, ಬೇಕೆಂದೇ, ನಿನ್ನ ಗಂಡ ಏನು ಮಾಡಿದ ಎಂದು ಕೇಳಿದರು. ಈಗ ಬೇಕಾಗಿದ್ದದ್ದು ಅವಳ ಹಳೆಯ ಲವೊರೋ. ಅಕ್ಕ ಸ್ಕೇಲಿನ ಕಡೆ ನೋಡಿದಳು. 'ಅವನು' ಎಂಬುದಕ್ಕೆ ಲುಯಿ ಎಂದಳು, ಆಮೇಲೆ ನಡುವೆಯೇ ಒತ್ತಿ ಲವೋರೊ ಎಂದಳು.

"'ಅವನು ಕೆಲಸ ಮಾಡುತ್ತೇನೆ' ಅಂತೆ," ಎಂದು ಮೇಡಂ ಹಿಂದೆ ಕೂತ ನಮಗೆಲ್ಲ ಕೇಳುವಂತೆ ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ ಹೇಳಿದರು. ಅವಳ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಇಟಲಿಗೆ ಬೇರೊಬ್ಬ ಹೋದ. ಅಕ್ಕನಿಗೆ ಆ ಮಾತೇ ಅಡ್ಡಹೆಸರಾಯಿತು. ಕ್ಯಾಂಟೀನಿನಲ್ಲಿ ನಾನು, ಬೇಜಾರು ಮಾಡಿಕೊಳ್ಳಬೇಡ ಎಂದೆ. ಅವಳು ಅನ್ನ ಕಲಸುತ್ತಾ ಹೇಳಿದಳು:

"ಅದ್ರಾಗೆ ತಪ್ಪೇನೈತ್ಲಾ? ಅವ್ನ್ ಮಿಷನ್ನು, ಅವ್ನ್ ಶಿಫ್ಟು. ಅವ್ನು ಕೆಲ್ಸ ಮಾಡ್ತೀನಿ."

ಮುಂದಿನ ತಿಂಗಳು ಆ ಮಿಷನ್ ಕಿತ್ತು ಇಟಲಿಯದನ್ನು ಅದೇ ಜಾಗದಲ್ಲಿ ಕೂರಿಸಿದರು. ಅಕ್ಕನಿಗೆ ನಾಳೆಯಿಂದ ಬರಬೇಡ ಎಂದು ಗೇಟಿನಲ್ಲೇ ಹೇಳಿ ಕಳಿಸಿದರು.