ಹುಸೇನಬೀ ಹೊಲದ ಮಣ್ಣು

ಚಿಂಚೋಳಿ ಕಡೆಯ ಹಳ್ಳಗಳಲ್ಲಿ ಮಳೆನೀರು ಎಷ್ಟು ಮಣ್ಣು ಕೊಚ್ಚಿಕೊಂಡು ಹೋಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಎಂಬತ್ತರ ದಶಕದಲ್ಲಿ ನನ್ನ ಕೆಲಸ. ಸುಲೇಪೇಟದ ಹತ್ತಿರ ಹುಸೇನಬೀ ಎಂಬ ವಿಧವೆಯ ಹೊಲಕ್ಕೆ ಒಡ್ಡು ಹಾಕಲೇಬೇಕು ಎಂದಿತು ಲೆಕ್ಕ. ಆಕೆ ಒಪ್ಪಲಿಲ್ಲ.

"ಒಡ್ಡಿಗೆ ನೆಲ ಬಿಟ್ಟು ನಾ ಎಲ್ಲಿ ಬಿತ್ಲಿರಿ? ಮಳಿ ಬಂದ್ರ ಮಣ್ಣು ಹೋಗೂದೇ."

ನಾನು ಉದ್ದನೆಯ ಕಂಪ್ಯೂಟರ್ ಕಾಗದ ಬಿಡಿಸಿ ತೋರಿಸಿದೆ. "ನಿಮ್ಮ ಮಣ್ಣೆಲ್ಲ ಹೋಗಿ ಈ ಕೆಳಗಿನ ಹೊಲದಾಗ ಕೂಡ್ತದ್ರಿ."

ಆಕೆ ಬಗ್ಗಿ ನೋಡಿದರು. "ಅದು ನಮ್ಮ ಮೈದುನನ ಹೊಲ. ಅವನ ಜೋಡಿ ನನಗ ಮಾತಿಲ್ಲ." ಕಾಗದ ನನ್ನ ಕೈಗೆ ತುರುಕಿ, "ನಾಳೇನೇ ಒಡ್ಡು ಹಾಕ್ರಿ, ಎತ್ತರ ಹಾಕ್ರಿ," ಎಂದರು.

ಆ ಮಳೆಗಾಲ ಮಣ್ಣು ಅಲ್ಲೇ ನಿಂತಿತು. ಮರುವರ್ಷ ಮೈದುನನೇ ಕಚೇರಿಗೆ ಬಂದ.

"ನನ್ನ ಹೊಲದ ಮಣ್ಣು ಯಾರ ಹೊಲಕ್ಕ ಹೋಗಾಕತ್ತದ, ನೋಡಿ ಹೇಳ್ರಿ ಸಾಹೇಬ್ರ."

ನೋಡಿದೆ. ಅವನ ಹೊಲದ ಕೆಳಗೆ ಬರೀ ನದಿ. ಹಾಗೆಂದು ಹೇಳಿದಾಗ ಅವನಿಗೆ ಯಾಕೋ ಭಾಳ ನಿರಾಸೆಯಾಯಿತು.